ಮಧ್ಯಾಹ್ನದ ಗಣಿತ

ಗೋವೆಯ ಮಡಗಾಂವಿನ ಪೇಟೆ ಮಧ್ಯಾಹ್ನ ಒಂದು ಗಂಟೆಗೆ ಮಲಗುತ್ತದೆ. ಶಟರ್‌ಗಳು ಒಂದರ ಹಿಂದೊಂದು ಧಡಧಡ ಇಳಿಯುತ್ತವೆ, ಬುಟ್ಟಿ ಹೊತ್ತವರು ನೆರಳು ಹುಡುಕಿಕೊಳ್ಳುತ್ತಾರೆ, ಬಿಸಿಲು ಇಳಿಯುವ ತನಕ ಯಾರೂ ಯಾರಿಗೂ ಏನನ್ನೂ ಮಾರುವುದಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಬಟ್ಟೆ ಅಂಗಡಿಯ ಶಟರ್ ಮಾತ್ರ ಅರ್ಧ ಎದ್ದಿರುತ್ತಿತ್ತು. ಒಳಗೆ ನಾನಿರುತ್ತಿದ್ದೆ.

ನಾನು ಆ ಮನೆಯ ಸಣ್ಣ ಸೊಸೆ. ಮಾವ ಬೆಳಗಾವಿ ಕಡೆಯಿಂದ ಬಂದು ಹಾಕಿದ ಅಂಗಡಿ ಅದು. ಅವರು ತೀರಿಕೊಂಡ ಮೇಲೆ ನನ್ನ ಗಂಡ ಮತ್ತು ಗಂಡನ ಅಣ್ಣ, ಅಂದರೆ ನನ್ನ ಬಾವ, ಸೇರಿ ನಡೆಸುತ್ತಿದ್ದರು. ಮನೆ ಒಂದೇ, ಒಲೆ ಒಂದೇ. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದವಳು ಮದುವೆಯಾಗಿ ನಡುವೆಯೇ ಬಿಟ್ಟು ಬಂದಿದ್ದೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಎರಡು ಸಾವಿರದ ಎಂಟೊಂಬತ್ತರ ಸುಮಾರಿಗೆ, ಮನೆಯಲ್ಲೇ ಕೂತು ಓದುವಂಥ ಒಂದು ಕಾಲೇಜಿಗೆ ಹೆಸರು ಹಚ್ಚಿದೆ. ಇತಿಹಾಸ, ಸಮಾಜಶಾಸ್ತ್ರ ಓದುವವರೂ ಒಂದು ಗಣಿತದ ಪತ್ರಿಕೆ ಪಾಸಾಗಲೇಬೇಕೆಂದು ಅವರ ನಿಯಮ. ಆ ಪಾಠ ಪೂರ್ತಿ ಇಂಟರ್ನೆಟ್ಟಿನಲ್ಲಿ. ನಮ್ಮಲ್ಲಿ ಇಂಟರ್ನೆಟ್ ಇದ್ದದ್ದು ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ, ಬೆಳಿಗ್ಗೆ ಸಂಜೆ ಅದರಲ್ಲಿ ಬಿಲ್ಲು ಹಾಕುತ್ತಿದ್ದರು. ನನಗೆ ಉಳಿದದ್ದು ಮಧ್ಯಾಹ್ನ.

ಮೊದಲು ಅನುಮಾನ ಪಟ್ಟವಳು ನಾನೇ. ತರಗತಿ ಇಲ್ಲ, ಬೆಂಚಿಲ್ಲ, ಮಾಸ್ತರ ಮುಖ ಕಾಣುವುದಿಲ್ಲ. ಪಾಠ ಓದಿ ಉತ್ತರ ಒತ್ತಿದರೆ ಹಸಿರು ಗುರುತೋ ಕೆಂಪು ಗುರುತೋ ಬೀಳುತ್ತದೆ. ಆ ಕಡೆ ನಿಜವಾಗಿ ಯಾರಾದರೂ ಇದ್ದಾರೋ, ಇಲ್ಲಾ ಎಲ್ಲಿಯೋ ಒಂದು ಖಾಲಿ ಖೋಲಿಯಲ್ಲಿ ಯಂತ್ರ ತಾನೇ ತಿರುಗುತ್ತಿದೆಯೋ! ಒಂದು ದಿನ ಪಗಡೆ ದಾಳದ ಲೆಕ್ಕವೊಂದಕ್ಕೆ 1/2 ಎಂದು ಒತ್ತಿದೆ. ತಪ್ಪು ಎಂದಿತು. ಸರಿ ಉತ್ತರ ನೋಡಿದರೆ 0.5. ಅರ್ಧಕ್ಕೂ ಅರ್ಧಕ್ಕೂ ಏನು ವ್ಯತ್ಯಾಸ? ಸಿಟ್ಟಿನಲ್ಲಿ ಬೋಧಕರಿಗೆ ಬರೆದೆ. ಮಾರನೇ ವಾರ ಉತ್ತರ ಬಂತು: ‘ನೀವು ಹೇಳಿದ್ದು ಸರಿ. ಯಂತ್ರಕ್ಕೆ ನಾನು ಭಿನ್ನರಾಶಿ ಹೇಳಿಕೊಟ್ಟಿರಲಿಲ್ಲ. ಅಂಕ ಕೊಟ್ಟಿದ್ದೇನೆ.’ ಕೆಳಗೆ ಹೆಸರಿರಲಿಲ್ಲ, ಬೋಧಕರು ಎಂದಷ್ಟೇ ಇತ್ತು. ಯಂತ್ರ ಹೀಗೆ ತಪ್ಪು ಒಪ್ಪಿಕೊಳ್ಳುವುದಿಲ್ಲ ಅನ್ನಿಸಿ ಸ್ವಲ್ಪ ಸಮಾಧಾನವಾಯಿತು.

ಎದುರಿನ ಔಷಧಿ ಅಂಗಡಿಯವರು ಗೋವೆಯವರೇ. ಶಟರ್ ಎಳೆಯುತ್ತ ದಿನವೂ ಕೇಳುತ್ತಿದ್ದರು, “ಕಿತೆಂ ವೈನಿ, ದನಪಾರಚಿ ನೀದ್ ನಾ?” ಮಧ್ಯಾಹ್ನದ ನಿದ್ದೆ ಇಲ್ಲವೇ ಅತ್ತಿಗೆ, ಎಂದು. ನಾನು ನಕ್ಕು ಒಳಗೆ ಹೋಗುತ್ತಿದ್ದೆ. ಅವರು ಅದನ್ನೇ ಬಾವನ ಮುಂದೆಯೂ ನಗುತ್ತ ಹೇಳಿರಬೇಕು. ಬಾವನಿಗೆ ನಗು ಬರಲಿಲ್ಲ. ನನ್ನನ್ನು ನೇರ ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಊಟಕ್ಕೆ ಕೂತಾಗ ತಮ್ಮನನ್ನು ಕೇಳಿದರು.

“ಮಧ್ಯಾಹ್ನ ಅಂಗಡ್ಯಾಗ ಏನ ನಡದೈತಿ?”

“ಅಕಿ ಓದಾಕತ್ತಾಳಣ್ಣ. ಗಣಿತ.”

“ಬಿ.ಎ.ಗೆ ಗಣಿತ ಯಾಕ ಬೇಕು?”

ನನ್ನ ಗಂಡನಿಗೂ ಅದು ಗೊತ್ತಿರಲಿಲ್ಲ. ಅದೇ ನನಗೆ ಮುಳುವಾಯಿತು. ಅಂಗಡಿಯ ಲೆಕ್ಕಪತ್ರವೆಲ್ಲ ಅದೇ ಕಂಪ್ಯೂಟರಿನಲ್ಲಿತ್ತು. ಕಲಾ ವಿದ್ಯಾರ್ಥಿನಿ ಗಣಿತದ ನೆಪ ಮಾಡಿಕೊಂಡು ಮುಚ್ಚಿದ ಅಂಗಡಿಯಲ್ಲಿ ಕೂತಿದ್ದಾಳೆಂದರೆ ಯಾವ ಗಣಿತ ಅದು? ಮಾರನೇ ದಿನ ಕಂಪ್ಯೂಟರು ಪಾಸ್‌ವರ್ಡ್ ಕೇಳಿತು.

ಗಂಡ ಎರಡು ದಿನ ಅಣ್ಣನ ಹಿಂದೆ ಮುಂದೆ ಓಡಾಡಿ ಕೊನೆಗೆ ಪಾಸ್‌ವರ್ಡ್ ತಂದರು. ಜೊತೆಗೆ ಒಂದು ಷರತ್ತೂ ಬಂತು. ಇನ್ನು ಮೇಲೆ ಅತ್ತೆಯವರು ನನ್ನ ಸಂಗಡ ಅಂಗಡಿಗೆ ಬರುತ್ತಾರೆ.

ಅತ್ತೆ ಗಾದಿಯ ಮೇಲೆ ಕಾಲು ಚಾಚಿ, ಕುಬಸದ ಖಣಗಳನ್ನು ಮಡಿಸುತ್ತ ಕೂರುತ್ತಿದ್ದರು. ಕಣ್ಣು ಮಾತ್ರ ಪರದೆಯ ಮೇಲೆ.

“ನಿಂಗ ಬರದು ಕಳಸಾವ್ರು ಗಂಡಸೋ ಹೆಂಗಸೋ?”

“ಗೊತ್ತಿಲ್ರಿ ಅತ್ತ್ಯಾರ.”

“ಇಷ್ಟ ದಿನ ಬರದೀರಿ, ಗೊತ್ತಿಲ್ಲಂದ್ರ?”

“ಹೆಸರ ಹಾಕಂಗಿಲ್ರಿ ಅವರು.”

ಖರೇ ಹೇಳಿದರೂ ಅದು ಸುಳ್ಳಿನಂತೆಯೇ ಕೇಳಿಸಿತು. ಅತ್ತೆ ಒಂದು ಖಣವನ್ನು ಬಿಚ್ಚಿ ಮತ್ತೆ ಮಡಿಸಿದರು.

ಆಗ ತರ್ಕದ ಪಾಠ ನಡೆದಿತ್ತು. ಅವರ ಅನುಮಾನ ಕಡಿಮೆಯಾದೀತೆಂದು ನಾನು ಇಂಗ್ಲಿಷಿನ ಪಾಠವನ್ನು ಕನ್ನಡ ಮಾಡಿ ಗಟ್ಟಿಯಾಗಿ ಹೇಳತೊಡಗಿದೆ. ಮಳೆ ಬಂದರೆ ಅಂಗಳ ತೋಯುತ್ತದೆ. ಅಂಗಳ ತೋಯ್ದಿದೆ. ಹಾಗಾದರೆ ಮಳೆ ಬಂದಿದೆ ಎನ್ನಬಹುದೇ? ಎನ್ನಲಾಗದು.

“ಯಾಕ ಅನ್ನಾಕ ಬರಂಗಿಲ್ಲ?”

“ಯಾರರ ನೀರ ಚೆಲ್ಲಿರಬಹುದಲ್ರಿ.”

ಅತ್ತೆ ವಿಚಾರ ಮಾಡಿದರು. “ಹಂಗಾದ್ರ ಚೆಲ್ಲಿದವ್ರು ಯಾರು ಅಂತ ನೋಡಬೇಕಾಕೈತಿ,” ಎಂದರು. ನನಗೆ ನಗು ಬಂತು, ನಗಲಿಲ್ಲ. ಹಾಗೆಯೇ ಬಾಗಿಲು ಮುಚ್ಚಿಕೊಂಡವರೆಲ್ಲ ಕಳ್ಳರಲ್ಲ ಎಂಬಲ್ಲಿಗೆ ಅವರೇ ಹೋಗಲಿ ಎಂದು ಕಾದೆ. ಅವರು ಅಲ್ಲಿಗೆ ಹೋಗಲಿಲ್ಲ.

ಆದರೆ ದಿನ ಕಳೆದಂತೆ ಅವರಿಗೆ ಪಾಠದ ರುಚಿ ಹತ್ತಿತು. ಊಟ ಮುಗಿದು ನಾನು ತಡ ಮಾಡಿದರೆ, “ಹೊತ್ತಾತು, ನಡಿ,” ಎಂದು ಅವರೇ ಚಪ್ಪಲಿ ಮೆಟ್ಟುತ್ತಿದ್ದರು. ಮನೆಯಲ್ಲಿ ಬಾವನಿಗೆ ಏನು ವರದಿ ಒಪ್ಪಿಸುತ್ತಿದ್ದರೋ ತಿಳಿಯದು. ಅದನ್ನು ನೆನೆದಾಗ ನಾನು ಕನ್ನಡ ಮಾಡುವ ಮಾತುಗಳನ್ನು ತೂಗಿ ಆಡುತ್ತಿದ್ದೆ.

ಇಷ್ಟರಲ್ಲಿ ಅಣ್ಣತಮ್ಮಂದಿರ ನಡುವೆ ಬೇರೆಯೇ ಒಂದು ಬಿಸಿ ಏರುತ್ತಿತ್ತು. ಬಾವನಿಗೆ ಅಂಗಡಿಯ ತುಂಬ ರೆಡಿಮೇಡ್ ತುಂಬಬೇಕು. ನನ್ನ ಗಂಡನಿಗೆ ಸೀರೆ, ಖಣ, ಅಳೆದು ಕತ್ತರಿಸಿ ಕೊಡುವ ಥಾನಿನ ಬಟ್ಟೆ ಬಿಡಲು ಮನಸ್ಸಿಲ್ಲ. ಭಾನುವಾರ ವಾಸ್ಕೋ ಕಡೆಯಿಂದ ಬರುವ ನಮ್ಮ ಸೀಮೆಯ ಕೂಲಿ ಹೆಂಗಸರು ಇಳಕಲ್ ಸೀರೆ ಕೇಳಿಕೊಂಡೇ ಬರುತ್ತಾರಲ್ಲ ಎಂಬುದು ಅವರ ಮಾತು. ಒಬ್ಬರು ತಂದದ್ದನ್ನು ಇನ್ನೊಬ್ಬರು ಮೂಲೆಗೆ ಸರಿಸುವುದು, ಗಿರಾಕಿಯ ಎದುರೇ ದನಿ ಏರಿಸುವುದು ಶುರುವಾಯಿತು. ಬೇರೆಯಾಗುವುದೇ ಒಳ್ಳೆಯದೆಂದು ಇಬ್ಬರೂ ಒಪ್ಪಿದರು. ಒಪ್ಪದೆ ಹೋದದ್ದು ಪಾಲು. ಪೇಟೆಯ ಅಂಗಡಿಯ ಜೊತೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ, ಒಂದು ಗೋದಾಮು ಇದ್ದವು. ಬೆಳಗಾವಿಯಿಂದ ಹಿರಿಯರೊಬ್ಬರು ಬಂದು ಒಂದು ಪಾಲು ಹೇಳಿದರು. ಅವರು ತಮ್ಮನ ಪರ ಎಂದು ಬಾವನಿಗೆ ಅನ್ನಿಸಿತು. ಇನ್ನೊಬ್ಬರು ಬಂದರು, ಅವರು ಅಣ್ಣನ ಖೋಲಿಯಲ್ಲೇ ಕೂತು ಚಹಾ ಕುಡಿದರೆಂದು ನನ್ನ ಗಂಡ ಮುಖ ತಿರುಗಿಸಿದರು. ಮನೆ ಒಂದೇ, ಚಹಾ ಒಂದೇ ಎಂದು ನಾನು ಹೇಳಿದರೂ ಕೇಳಲಿಲ್ಲ.

ಹಿರಿಯರು ವಾಪಸ್ಸಾದ ವಾರವೇ ನನ್ನ ಪಾಠದಲ್ಲಿ ‘ನ್ಯಾಯವಾದ ಹಂಚಿಕೆ’ ಬಂದದ್ದು ನಾನು ಬೇಡಿಕೊಂಡದ್ದಲ್ಲ. ಪರಸ್ಪರ ನಂಬದ ಇಬ್ಬರು ಒಂದು ವಸ್ತುವನ್ನು ಹಂಚಿಕೊಳ್ಳಬೇಕು. ಒಬ್ಬರು ಎರಡು ಪಾಲು ಮಾಡಲಿ; ಇನ್ನೊಬ್ಬರು ತಮಗೆ ಬೇಕಾದ ಪಾಲನ್ನು ಮೊದಲು ಆರಿಸಲಿ. ಮಧ್ಯಸ್ಥರು ಬೇಡ.

ಖಣ ಮಡಿಸುವ ಕೈ ನಿಂತಿತು. “ಪಾಲ ಮಾಡಿದಾಂವ ಮೋಸ ಮಾಡಿದ್ರ?”

“ಸಣ್ಣ ಪಾಲ ಅವನಿಗೇ ಉಳೀತೈತ್ರಿ.”

ಅತ್ತೆ ಖಣವನ್ನು ಬದಿಗಿಟ್ಟರು. ಸಂಜೆ ಚಹಾದ ಹೊತ್ತಿಗೆ ಇಬ್ಬರು ಮಕ್ಕಳನ್ನೂ ಕೂಡಿಸಿ ಅದನ್ನೇ ಹೇಳಿದರು, ತಮ್ಮ ತಲೆಯಲ್ಲೇ ಹುಟ್ಟಿದ್ದು ಎಂಬಂತೆ. ಬಾವ ಚಹಾದ ಬಸಿಯನ್ನು ಕೆಳಗಿಟ್ಟು, ನನ್ನ ಹೆಸರು ಹಿಡಿಯದೆ, ನಾನು ನಿಂತಿದ್ದ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

“ಇದು ಯಾರ ತಲ್ಯಾಗಿಂದ ಬಂತವ್ವಾ?”

“ನಂದಪಾ.”

“ಇಷ್ಟ ದಿನಾ ಇದನ್ನ ಕಲಿಯಾಕ ಅಂಗಡಿಗೆ ಹೊಂಟಿದ್ರೇನು ಎಲ್ಲಾರೂ? ನಾ ಪಾಲ ಮಾಡಂಗಿಲ್ಲ. ಆರಸಂಗೂ ಇಲ್ಲ. ಎರಡರಾಗೂ ಏನೋ ಐತಿ.”

ಎದ್ದು ಹೋದರು. ಯಾರನ್ನೂ ನಂಬದೆಯೇ ನಡೆಯಬಹುದಾದ ಲೆಕ್ಕ ಎಂದು ಪಾಠ ಹೇಳಿತ್ತು. ಲೆಕ್ಕವನ್ನು ತಂದವರನ್ನಾದರೂ ನಂಬಬೇಕಲ್ಲ. ಒಬ್ಬರು ಎರಡಕ್ಕೂ ಒಪ್ಪದಿದ್ದರೆ ಏನು ಮಾಡಬೇಕೆಂದು ಬೋಧಕರಿಗೆ ಬರೆದು ಕೇಳಿದೆ. ‘ಯಾರು ಪಾಲು ಮಾಡಬೇಕೆಂದು ಚೀಟಿ ಎತ್ತಬಹುದು. ಅದಕ್ಕೂ ಒಪ್ಪದಿದ್ದರೆ ಈ ಪಾಠದಲ್ಲಿ ಉತ್ತರವಿಲ್ಲ,’ ಎಂದು ಬಂತು.

ಕೆಲವು ದಿನಗಳ ಮೇಲೆ, ಅತ್ತೆಗೆ ಮೈ ಸರಿಯಿಲ್ಲದ ಒಂದು ಮಧ್ಯಾಹ್ನ, ಶಟರಿನ ಕೆಳಗೆ ತಲೆ ಬಗ್ಗಿಸಿ ನನ್ನ ನೆಗೆಣ್ಣಿ ಒಳಗೆ ಬಂದರು. ಬಾವನ ಹೆಂಡತಿ. ಮನೆಯಲ್ಲಿ ನನ್ನೊಡನೆ ಮಾತು ಬಿಟ್ಟು ತಿಂಗಳಾಗಿತ್ತು. ಯಾರೋ ಕಳಿಸಿದ್ದಾರೆ ಎಂದುಕೊಂಡೆ. ನನ್ನ ಕೈ ತಾನಾಗಿಯೇ ಪರದೆಯನ್ನು ಮುಚ್ಚಲು ಹೋಯಿತು.

“ಮುಚ್ಚಬ್ಯಾಡ,” ಎಂದರು. “ಅತ್ತ್ಯಾರಿಗೆ ತೋರಸಿದ್ದು ನನಗೂ ತೋರಸು.”

ತೋರಿಸಿದೆ. ನಿಂತೇ ಕೇಳಿದರು, ನಡುವೆ ಎರಡು ಸಲ ಹಿಂದಕ್ಕೆ ಹೋಗಿ ಮತ್ತೆ ಹೇಳಿಸಿದರು. ಆಮೇಲೆ ಕೇಳಿದ ಪ್ರಶ್ನೆ ನನ್ನ ಮನಸ್ಸಿಗೆ ಬಂದೇ ಇರಲಿಲ್ಲ.

“ಪಾಲ ಮಾಡಿದವ್ರಿಗೆ ಬರೋಬ್ಬರಿ ಅರ್ಧ. ಆದ್ರ ಆರಸಾವ್ರಿಗೆ ಅವರ ಲೆಕ್ಕದಾಗ ಅರ್ಧಕ್ಕಿಂತ ಜಾಸ್ತಿ ಸಿಕ್ಕರೂ ಸಿಗತೈತಿ. ಹೌದಿಲ್ಲೋ?”

ಪಾಠದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಇತ್ತು. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದೆ. “ಹೌದ್ರಿ ಅಕ್ಕಾರ. ಆರಸಾವ್ರಿಗೇ ಸ್ವಲ್ಪ ಲಾಭ.”

ಅವರು ನನ್ನ ಮುಖವನ್ನೇ ನೋಡಿದರು. ನಾನು ಹೇಳಿದ್ದು ಖರೇ ಇದ್ದೀತೇ ಎಂದಲ್ಲ, ಖರೇ ಯಾಕೆ ಹೇಳಿದೆ ಎಂದು. “ಹಂಗಾದ್ರ ನೀವು ಪಾಲ ಮಾಡ್ರಿ. ನಾವು ಆರಸ್ತೇವಿ,” ಎಂದು ಹೇಳಿ ಹೊರಟರು.

ಗಂಡನಿಗೆ ಹೇಳಿದಾಗ ಅವರು ಅಂಗಿ ಕಳಚುತ್ತಿದ್ದವರು ಹಾಗೇ ನಿಂತರು.

“ಲಾಭ ಯಾವ ಕಡೆ ಐತಿ ಅಂತ ನೀನ ಹೇಳಿದೇನು?”

“ಕೇಳಿದ್ರು, ಹೇಳಿದೆ.”

“ನೀ ಯಾರ ಕಡೆ ಅದಿ?”

ಅಷ್ಟೂ ದಿನ ಅವರಿವರ ಅನುಮಾನವನ್ನು ಹೇಗೋ ಸಹಿಸಿದ್ದೆ. ಈ ಮಾತು ಮಾತ್ರ ಎದೆಗೆ ನಾಟಿತು. ಆ ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಅವರೇ ಬಂದು, “ನಡಿ, ಕೂಡೇ ಪಾಲ ಹಾಕೂಣು,” ಎಂದರು.

ಹಾಗೆ ನಮ್ಮಿಬ್ಬರ ಮಧ್ಯಾಹ್ನಗಳು ಅಂಗಡಿಯಲ್ಲಿ ಕಳೆದವು. ಯಾವ ಪಾಲು ನಮಗೆ ಉಳಿದರೂ ಕೊರಗಬಾರದು, ಹಾಗೆ ಹಾಕಬೇಕು. ಪೇಟೆಯ ಅಂಗಡಿ ಒಂದು ಕಡೆ ಇಟ್ಟರೆ ಸಣ್ಣ ಅಂಗಡಿಯ ಕಡೆ ಗೋದಾಮು ಹೋಗಬೇಕು. ಆದರೂ ತೂಕ ಸಾಲದು. ರೇಷ್ಮೆ ಸೀರೆ ಅತ್ತ ಸರಿಸು, ಶಾಲೆಯ ಸಮವಸ್ತ್ರದ ಬಟ್ಟೆಯೂ ಅತ್ತ. “ಇದು ನಮಗ ಬಂದ್ರ ನಡೀತೈತೇನು?” ಎಂದು ಒಂದೊಂದು ಗಂಟಿಗೂ ಅವರು ನನ್ನನ್ನು ಕೇಳುತ್ತಿದ್ದರು. ಅಷ್ಟು ವರ್ಷದಲ್ಲಿ ಅಂಗಡಿಯ ಸರಕಿನ ವಿಷಯ ಅವರು ನನ್ನನ್ನು ಕೇಳಿದ್ದು ಅದೇ ಮೊದಲು.

ಆರಿಸುವ ದಿನ, ಹೆಂಡತಿಯ ಮಾತಿಗೆ ಒಪ್ಪಿದ್ದ ಬಾವ ಬೆಳಿಗ್ಗೆಯೇ ಬಂದರು. ಪೇಟೆಯ ಅಂಗಡಿ ನೋಡಿದರು, ಬಸ್ ಸ್ಟ್ಯಾಂಡಿಗೆ ಹೋಗಿ ಆ ಅಂಗಡಿ ನೋಡಿದರು, ಗೋದಾಮಿನ ಗಂಟುಗಳನ್ನು ಬಿಚ್ಚಿಸಿ ಒಳಗೆ ಕೈ ಹಾಕಿದರು, ಮತ್ತೆ ಪೇಟೆಗೆ ಬಂದರು. “ಸಣ್ಣ ಅಂಗಡಿ ಕಡೆ ಇಷ್ಟ ಮಾಲ ಯಾಕ ಇಟ್ಟೀರಿ?” ಎಂದು ತಮ್ಮನನ್ನು ಮೂರು ರೀತಿಯಲ್ಲಿ ಕೇಳಿದರು. ಜಾಗ ಸಣ್ಣದಿದೆಯಲ್ಲ, ಅದಕ್ಕೆ, ಎಂದರೆ ಗೋಣು ಹಾಕಿದರು, ನಂಬಲಿಲ್ಲ. ನೆಗೆಣ್ಣಿ ಪಕ್ಕದಲ್ಲಿ ನಿಂತು ಏನೋ ಪಿಸುಗುಟ್ಟಿದರು. ಊಟದ ಹೊತ್ತಿಗೆ ಬಾವ, ಮಾಲು ಹೆಚ್ಚಿದ್ದ ಸಣ್ಣ ಅಂಗಡಿ ತಮಗಿರಲಿ ಎಂದರು.

ಕಂಪ್ಯೂಟರನ್ನು ಯಾವ ಪಾಲಿಗೂ ಹಾಕುವುದನ್ನು ನಾವು ಮರೆತಿದ್ದೆವು. ಅದರ ಆಸೆ ಬಾವನಿಗಿರಲಿಲ್ಲ, ಆದರೆ ತಮ್ಮ ಲೆಕ್ಕ ಅದರಲ್ಲಿ ಉಳಿಯಬಾರದೆಂದರು. ನಾನು ಅಳಿಸುತ್ತ ಹೋದೆ, ಅವರು ಬೆನ್ನ ಹಿಂದೆ ನಿಂತು ನೋಡಿದರು. ನನ್ನೊಡನೆ ಅವರು ನೇರ ಮಾತಾಡಿದ್ದು ಅವತ್ತೇ. “ಖರೇ ಹೋತೇನ್ವಾ ಎಲ್ಲಾ?” “ಹೋತ್ರಿ ಬಾವಾರ.” ಇನ್ನೊಮ್ಮೆ ತೆರೆದು ತೋರಿಸಲು ಹೇಳಿದರು. ತೋರಿಸಿದೆ.

ಮನೆಯಲ್ಲಿ ಎರಡು ಒಲೆಗಳಾದವು. ಅತ್ತೆ ಬೆಳಿಗ್ಗೆ ಅಲ್ಲಿ, ಸಂಜೆ ನಮ್ಮಲ್ಲಿ ಉಣ್ಣುತ್ತ, ಅಲ್ಲಿಯ ಸಾರನ್ನು ಇಲ್ಲಿಯೂ ಇಲ್ಲಿಯದನ್ನು ಅಲ್ಲಿಯೂ ದೂರುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಪಣಜಿಗೆ ಹೋಗಿ ಪರೀಕ್ಷೆ ಬರೆದೆ. ಅಂಥ ದೊಡ್ಡ ಅಂಕವೇನೂ ಬರಲಿಲ್ಲ, ಪಾಸಾದೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಬಾವನ ರೆಡಿಮೇಡ್ ವ್ಯಾಪಾರ ಚಲೋ ಹತ್ತಿತು, ನಮ್ಮದೂ ನಿಲ್ಲಲಿಲ್ಲ.

ದೀಪಾವಳಿಗೆ ಎರಡೂ ಅಂಗಡಿಯ ಪೂಜೆ ಮುಗಿಸಿ ಅಣ್ಣತಮ್ಮಂದಿರು ಕೂಡಿ ಕೂರುತ್ತಾರೆ. ಪ್ರತಿ ಸಲ ಬಾವ ಒಂದೇ ಮಾತು ಕೇಳುತ್ತಾರೆ. “ಈಗರ ಖರೇ ಹೇಳು. ನಿನಗ ಅಪ್ಪನ ಅಂಗಡಿನ ಬೇಕಾಗಿತ್ತಿಲ್ಲೋ? ನಾ ಮಾಲಿನ ಕಡೆ ಹೋಗತೇನಿ ಅಂತ ಗೊತ್ತಿತ್ತಿಲ್ಲೋ?” ನನ್ನ ಗಂಡ ಇಲ್ಲ ಎನ್ನುತ್ತಾರೆ. ಯಾವುದು ಉಳಿದರೂ ಸರಿ ಎಂದುಕೊಂಡೇ ನಾವು ಹಾಕಿದ್ದೆವು, ಅದಕ್ಕೆ ನಾನೇ ಸಾಕ್ಷಿ. ಆದರೆ ವರ್ಷ ವರ್ಷ ಆ ಪ್ರಶ್ನೆ ಕೇಳಿ ಕೇಳಿ ನನ್ನೊಳಗೂ ಒಂದು ಹುಳ ಹೊಕ್ಕಿತು. ರೇಷ್ಮೆ ಸೀರೆಗಳನ್ನು ಅಷ್ಟು ಸುಲಭವಾಗಿ ಅತ್ತ ಸರಿಸಿದವರು ಯಾರು? ನಾನೋ, ಅವರೋ? ಒಮ್ಮೆ ಬಾವನವರು ಹೋದ ಮೇಲೆ ಕೇಳಿಯೇಬಿಟ್ಟೆ.

“ನಿಮಗ ಖರೇನ ಗೊತ್ತಿರಲಿಲ್ಲೇನ್ರಿ?”

ಅವರು ಗಾದಿಯ ಮೇಲಿನ ಕುಂಕುಮ ಒರೆಸುತ್ತಿದ್ದರು. “ಚಹಾ ಆರಾಕತ್ತೈತಿ,” ಎಂದರು, “ಕುಡಿ.”