ಮೊಟ್ಟೆ ಹಾಕಿ ಕಟ್ಟಿದ ಸೇತುವೆ

ಮೊನ್ನೆ ನಾವಿರುವ ಪರದೇಶದ ಊರು ಕ್ಯಾಂಪ್‌ಬೆಲ್‌ನ ಬೇಕರಿಯೊಂದರ ಮುಂದೆ ಹೋಗುವಾಗ ಸುಟ್ಟ ಸಕ್ಕರೆ, ಚಕ್ಕೆ ಬೆರೆತ ಘಮ ಮೂಗಿಗೆ ಬಡಿಯಿತು. ಒಳಗೆ ನುಗ್ಗಿ, ಈ ತಿಂಡಿಗೆ ಮೊಟ್ಟೆ ಹಾಕಿದ್ದೀರಾ ಎಂದು ಕೇಳಿದೆ. ಕೇಳಿದವಳೇ ನಗಲು ಶುರುಮಾಡಿದೆ. ಕೌಂಟರಿನಲ್ಲಿದ್ದವಳು ಗಾಬರಿಯಾದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನನಗೆ ಪ್ರಾಗ್ ಊರಿನ ಹುಚ್ಚು. ಅಲ್ಲಿಯ ರಾಜರ ವಂಶಾವಳಿ ಬಾಯಿಪಾಠ. ನನ್ನ ಸೋದರತ್ತೆಯ ಮಕ್ಕಳ ಹೆಸರು ಕೇಳಿದರೆ ಮಾತ್ರ ತಡವರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಗಂಡನ ತಾಯಿ, ನನ್ನ ಅತ್ತೆ, ಹಾಸನದಿಂದ ನಮ್ಮಲ್ಲಿಗೆ ಬರುವುದಿತ್ತು. ಅವರನ್ನು ಪ್ರಾಗ್‌ನಲ್ಲಿ ಇಳಿಸಿಕೊಂಡು, ಒಂದು ದಿನ ಊರು ನೋಡಿ, ಒಟ್ಟಿಗೆ ಬರೋಣ ಎಂದು ಗಂಡನ ತಲೆ ತಿಂದೆ. ಗಂಡ ಒಪ್ಪಿದರು, ಜೊತೆಗೆ ಬಂದರು, ಆ ದಿನವೇ ಆಫೀಸಿನ ಮೀಟಿಂಗು ಗಂಟುಬಿದ್ದು ಹೋಟೆಲಿನಲ್ಲೇ ಉಳಿದರು. ಹೊರಟವರು ನಾನು, ಅತ್ತೆ. ಮದುವೆಯಾಗಿ ಅಷ್ಟು ವರ್ಷವಾದರೂ ನಾವಿಬ್ಬರೇ ಕೂತು ಮಾತಾಡಿದ್ದಿಲ್ಲ. ಫೋನಿನಲ್ಲಿ ಊಟ ಆಯ್ತಾ, ಆಯ್ತು, ಅಷ್ಟೇ.

ನದಿಯಾಚೆ ಗುಡ್ಡದ ಮೇಲೆ ಅರಮನೆ. ಅದನ್ನು ನೋಡಲೆಂದೇ ಹುಟ್ಟಿದವಳ ಹಾಗೆ ನಾನು ಹಾರಾಡುತ್ತಿದ್ದೆ. ದಾರಿಗೆ ಹಳೆಯ ಕಲ್ಲಿನ ಸೇತುವೆ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ!

"ಅತ್ತೆ, ಇದು ಗಟ್ಟಿಯಾಗಿರ್ಲಿ ಅಂತ ರಾಜ ಊರೂರಿಂದ ಮೊಟ್ಟೆ ತರ್ಸಿ ಗಾರೆಗೆ ಹಾಕ್ಸಿದ್ನಂತೆ!"

ಅತ್ತೆ ಎತ್ತಿದ ಕಾಲನ್ನು ಹಿಂದಕ್ಕಿಟ್ಟರು. "ಮೊಟ್ಟೇನಾ?"

"ಕಥೆ ಅತ್ತೆ. ಆರುನೂರು ವರ್ಷದ ಹಿಂದಿನ ಮಾತು."

"ಮೊಟ್ಟೆ ಮೊಟ್ಟೇನೇ ಕಣಮ್ಮ. ಪೂಜೆ ಮಾಡ್ಕೊಂಡು ಬಂದಿದೀನಿ, ಅದರ ಮೇಲೆ ಕಾಲಿಡಲ್ಲ. ನೀನು ಹೋಗ್ಬಾ, ನಾನಿಲ್ಲೇ ಕೂತಿರ್ತೀನಿ."

ಬೇರೆ ಸೇತುವೆಯೂ ಇದೆ ಎಂದೆ. "ಅದಕ್ಕೇನು ಹಾಕಿದಾರೋ?" ಎಂದರು. ಭಾಷೆ ಬಾರದ ಊರಲ್ಲಿ ಅವರೊಬ್ಬರನ್ನೇ ಬಿಟ್ಟು ಹೋಗುವುದುಂಟೇ? ಇರುವುದೊಂದೇ ದಿನ. ಅರಮನೆ ಕೈತಪ್ಪಿತು ಎಂದುಕೊಂಡು, ಅಳು ನುಂಗಿಕೊಂಡು, ಹಳೆಯ ಊರಿನ ಚೌಕಕ್ಕೆ ಮರಳಿದೆ.

ಅಲ್ಲಿಯ ಗೋಪುರದಲ್ಲಿ ಪುರಾತನ ಗಡಿಯಾರವೊಂದಿದೆ. ಗಂಟೆಗೊಮ್ಮೆ ಕಿಟಕಿಗಳು ತೆರೆದು ಸಂತರ ಬೊಂಬೆಗಳು ಸಾಲಾಗಿ ಮುಖ ತೋರಿಸುತ್ತವೆ. ಜನ ಕಿಕ್ಕಿರಿದು ತಲೆಯೆತ್ತಿ ನಿಂತಿದ್ದರು. ಗಂಟೆ ಬಾರಿಸಿತು, ಕಿಟಕಿ ತೆರೆಯಿತು. ತಿರುಗಿ ನೋಡಿದರೆ ಅತ್ತೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಕೈಮುಗಿದು ನಿಂತಿದ್ದಾರೆ.

"ಚಪ್ಪಲಿ ಬಿಡೇ, ಬಾಗಿಲು ತೆಗೆದ್ರು!"

ಆ ದನಿಗೆ ಎದುರಾಡುವುದು ನನ್ನಿಂದಾಗದು. ಬೂಟು ಬಿಚ್ಚಲು ಬಗ್ಗಿದೆ. ಒಂದೇ ಕಾಲಿನದು ಬಂತು. ಪಕ್ಕದ ಪ್ರವಾಸಿ ದಂಪತಿ ನಮ್ಮನ್ನು ನೋಡಿ, ಇದು ಇಲ್ಲಿಯ ಪದ್ಧತಿ ಇರಬೇಕೆಂದು ತಮ್ಮ ಶೂ ಬಿಚ್ಚಿದರು. ಅವರನ್ನು ನೋಡಿ ಹಿಂದಿನವರು. ನೋಡನೋಡುತ್ತ ಅಲ್ಲೊಂದು ಚಪ್ಪಲಿ ರಾಶಿಯೇ ಆಯಿತು. ಕಿಟಕಿ ಮುಚ್ಚಿತು, ಬೊಂಬೆ ಹುಂಜ ಕೂಗಿತು. ಅತ್ತೆ ಸುತ್ತ ಕಣ್ಣಾಡಿಸಿ ಮೆಲ್ಲಗೆ ಕೇಳಿದರು, "ತೀರ್ಥ ಕೊಡಲ್ವೇನೇ?"

ನಾನು ಒಂಟಿ ಬೂಟಿನಲ್ಲಿ ನೆಲಕ್ಕೆ ಕುಸಿದು ನಕ್ಕೆ. ಅತ್ತೆ ಮೊದಲು ಮುಖ ಗಂಟಿಕ್ಕಿದರು. ಆಮೇಲೆ ದೊಡ್ಡ ದೊಡ್ಡ ಮನುಷ್ಯರು ಕಾಲುಚೀಲದಲ್ಲಿ ಶೂ ಹುಡುಕುವುದನ್ನು ನೋಡಿ ಅವರಿಗೂ ತಡೆಯಲಾಗಲಿಲ್ಲ. ಆ ನಗುವಿನ ಭರದಲ್ಲಿ ಸೇತುವೆಯ ಉಳಿದ ಕಥೆಯೂ ನನ್ನ ಬಾಯಿಂದ ಹೊರಬಿತ್ತು: ಒಂದು ಊರಿನವರು ದಾರಿಯಲ್ಲಿ ಒಡೆಯದಿರಲಿ ಎಂದು ಮೊಟ್ಟೆಗಳನ್ನು ಬೇಯಿಸಿ ಕಳಿಸಿದ್ದರಂತೆ.

"ಅಯ್ಯೋ, ನಿಮ್ಮ ಮಾವನೂ ಹಂಗೇ ಕಣೇ! ಹೆಪ್ಪಿಗೆ ಒಂಚೂರು ಮೊಸರು ಇಸ್ಕೊಂಡ್ಬನ್ನಿ ಅಂದ್ರೆ, ಕೆಡದೇ ಇರ್ಲಿ ಅಂತ ಕಾಯ್ಸಿ ತಂದಿದ್ರು!"

ಮಾವ ತೀರಿಕೊಂಡ ಮೇಲೆ ಅವರ ಮಾತೆತ್ತಿ ಅತ್ತೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನು ಎಬ್ಬಿಸಿದರು.

"ನಡಿ. ಅಷ್ಟು ವರ್ಷ ಮಳೆ ತೊಳ್ದಿದೆ. ಸೇತುವೆ ಮಡಿಯಾಗೇ ಇರತ್ತೆ."

ಅರಮನೆ ನೋಡಿದೆವಾ? ನೋಡಿದೆವು. ಯಾವ ರಾಜ, ಯಾವ ಕೋಣೆ ಎಂದು ಕೇಳಬೇಡಿ. ಉದ್ದಕ್ಕೂ ಅತ್ತೆ ನನ್ನ ಕೈಹಿಡಿದು ಮಾವನ ಫಜೀತಿಗಳನ್ನು ಹೇಳುತ್ತಿದ್ದರು. ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಅಷ್ಟು ಸುಖ ನನಗೆ ಯಾವ ಊರೂ ಕೊಟ್ಟಿಲ್ಲ.

ಅತ್ತೆ ಈಗ ಮತ್ತೆ ನಮ್ಮಲ್ಲಿದ್ದಾರೆ. ಮೊಟ್ಟೆ ಹಾಕಿಲ್ಲವೆಂದು ಕೇಳಿ ತಂದ ಬೇಕರಿಯ ತಿಂಡಿ ಅವರ ಮುಂದಿಟ್ಟು, ಈ ಸಲ ಬೇರೆ ಊರು ನೋಡೋಣವಾ ಎಂದೆ. ಗಂಡ ಲ್ಯಾಪ್‌ಟಾಪು ಮುಚ್ಚಿ, "ವಿಯೆನ್ನಾಗೆ ಹೋಗೋಣ ಕಣಮ್ಮ. ನಾನು ಎರಡು ವಾರ ರಜಾ ಹಾಕ್ತೀನಿ, ಮೂರು ಜನಾನೂ ಸುತ್ತೋಣ" ಎಂದರು.

ಅತ್ತೆ ಒಂದು ಚೂರು ಮುರಿದು ನನ್ನ ಕೈಗಿಟ್ಟರು.

"ನೀನು ಮನೇಲಿರಪ್ಪ," ಎಂದರು ಮಗನಿಗೆ. "ನಾವಿಬ್ರು ಮಾತಾಡೋದಿದೆ."