ಅತ್ತಿಗೆಯ ಪರವಾಗಿ ಮಾತಾಡಿದವರು

ಎಡಗೈಯೋ ಬಲಗೈಯೋ ಎಂಬುದರಲ್ಲೇ ನನಗೆ ಅನುಮಾನ. ಅತ್ತಿಗೆಯ ಬಲ ಮಣಿಕಟ್ಟು ಊದಿತ್ತೆಂದು ನೆನಪು. ಆಸ್ಪತ್ರೆಗೆ ಹೋದ ಬೆಳಿಗ್ಗೆ ಅವರು ಅದೇ ಕೈಯಲ್ಲಿ ಮಗಳ ಜಡೆ ಹೆಣೆದದ್ದೂ ನೆನಪು. ಎರಡೂ ನಿಜವಾಗಿರಲಾರವು. ನನ್ನ ಡೈರಿಯನ್ನು ನಂಬೋಣವೆಂದರೆ, ಅದಕ್ಕೂ ಹಿಂದಿನ ಒಂದು ಪುಟದಲ್ಲಿ ನಾನೇ ಬರೆದಿದ್ದೇನೆ: "ಅತ್ತಿಗೆ ಪುಣ್ಯವಂತೆ. ಅಣ್ಣ ಎಲ್ಲಿಗೂ ಒಬ್ಬರನ್ನೇ ಕಳಿಸುವುದಿಲ್ಲ."

ಮಲಯಾಳಂ ನಾಡಿನ ಗಡಿಯ ಕಾಟ್ಟಿಕುಳಂ ಬಳಿಯ ನಮ್ಮದು ಕನ್ನಡ ಮಾತಾಡುವ ಮನೆ. ಹೆಣ್ಣು ತರುವುದು ಇಂದಿಗೂ ಬಾವಲಿ ಹೊಳೆಯಾಚೆಯ ಕನ್ನಡ ಊರುಗಳಿಂದ. ಬಂದವಳಿಗೆ ಮಲಯಾಳಂ ಬರುವುದಿಲ್ಲ. ಕಲಿಯುವ ತನಕ ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ ಗಂಡನೇ ಕೇಳಿ ಗಂಡನೇ ಹೇಳುತ್ತಾನೆ. ಅದನ್ನು ನಾವು ಅಕ್ಕರೆ ಎನ್ನುತ್ತೇವೆ. ಅತ್ತಿಗೆ ಒಂಬತ್ತು ವರ್ಷವಾದರೂ ಕಲಿತಿರಲಿಲ್ಲ.

"ಮಗಳು ಮಲಯಾಳಂ ಪಟಪಟ ಅಂತಾಳೆ, ಅಮ್ಮಂಗೆ ಬಸ್ಸು ಯಾವಾಗ, ಬಸ್ ಎಪ್ಪೊ ಅಂತ ಕೇಳಕ್ಕೂ ಬರಲ್ಲ" ಎಂದು ಅಮ್ಮ ಚುಡಾಯಿಸಿದರೆ ಎಲ್ಲರೂ ನಗುತ್ತಿದ್ದೆವು. ಭಾನುವಾರದ ಅಯಲ್‌ಕೂಟಕ್ಕೆ, ಅಂದರೆ ನೆರೆಮನೆಯ ಹೆಂಗಸರ ಸಭೆಗೆ, ಯಾರಾದರೂ ಕರೆಯಲು ಬಂದರೆ ಅಣ್ಣ ಬಾಗಿಲಲ್ಲೇ "ಅವಳಿಗೆ ಭಾಷೆ ಬರಲ್ಲ" ಎಂದು ಕಳಿಸಿಬಿಡುತ್ತಿದ್ದ. ಕಲಿಯಲು ಅವರನ್ನು ಎಲ್ಲಿ ಬಿಟ್ಟಿದ್ದೆವು ಎಂದು ಯಾರೂ ಕೇಳಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕೌಟುಂಬಿಕ ಹಿಂಸೆಯ ಬಗ್ಗೆ ಪ್ರಬಂಧ ಬರೆದಿದ್ದ ನಾನೂ ಕೇಳಲಿಲ್ಲ.

ಆ ದಿನ ಅಮ್ಮನ ಬಿಪಿ ಮಾತ್ರೆಗೆಂದು ನಾನೂ ಅಣ್ಣ ಅತ್ತಿಗೆಯ ಜೊತೆ ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಮಲಯಾಳಂನಲ್ಲಿ ಏನಾಯಿತೆಂದು ಕೇಳಿದರು. ಅಣ್ಣ ಕನ್ನಡದಲ್ಲಿ ಕೇಳಿದ.

"ಬೆರಳು ಮಡಚಕ್ಕಾಗ್ತಿಲ್ಲ. ನಾಲ್ಕು ದಿನ ಆಯ್ತು" ಎಂದರು ಅತ್ತಿಗೆ.

ಅಣ್ಣ ನರ್ಸ್ ಕಡೆ ತಿರುಗಿ ಮಲಯಾಳಂನಲ್ಲಿ, ನಿನ್ನೆ ಕಾಫಿ ಒಣಗಿಸುವ ಕಣದಲ್ಲಿ ಜಾರಿದಳು ಎಂದ.

ನರ್ಸ್ ಆಗಲೇ ಹಳದಿ ತಿರುಗಿದ್ದ, ನಿನ್ನೆಯದಲ್ಲದ ಬಾವನ್ನು ನೋಡಿದರು. ತಾನಾಗಿಯೇ ಬಿದ್ದಳೋ ಅವಳನ್ನೇ ಕೇಳಿ ಎಂದರು.

ಅಣ್ಣ ಅತ್ತಿಗೆಗೆ, "ತುಂಬ ನೋವಾಗ್ತಿದೆಯಾ ಅಂತ ಕೇಳ್ತಿದ್ದಾರೆ" ಎಂದ.

ಅತ್ತಿಗೆ ಹೂಂ ಎಂದು ತಲೆಯಾಡಿಸಿದರು.

"ನೋಡಿ, ಹೌದಂತೆ" ಎಂದು ಅವನು ನರ್ಸ್‌ಗೆ ಹೇಳಿದ.

ಎರಡು ಭಾಷೆಯೂ ನನಗೆ ಬರುತ್ತಿತ್ತು. ಆದರೂ ನಾನು ಸುಮ್ಮನಿದ್ದೆ.

ಬಿಗಿಪಟ್ಟಿ ಮುಗಿದಿದೆ, ಅಂಗಡಿಯಿಂದ ತನ್ನಿ ಎಂದು ನರ್ಸ್ ಅಣ್ಣನನ್ನು ಹೊರಗೆ ಕಳಿಸಿದರು. ಮೇಜಿನ ಖಾನೆಯಲ್ಲಿ ಪಟ್ಟಿಯ ಸುರುಳಿ ಇತ್ತೆಂದು ಈಗ ಅನಿಸುತ್ತದೆ. ಅದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಅವನು ಹೋದ ಮೇಲೆ ನರ್ಸ್ ನನ್ನನ್ನು ಹತ್ತಿರ ಕರೆದರು. ಮೋಳೆ, ಮಗಳೇ, ಇನ್ನು ನೀನು ಹೇಳು, ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ ಎಂದರು.

"ಅತ್ತಿಗೆ, ಇದು ಯಾರು ಮಾಡಿದ್ದು ಅಂತ ಕೇಳ್ತಿದ್ದಾರೆ."

"ನೀನು ಅವರ ತಂಗಿ. ಯಾರ ಕಡೆ ಹೇಳ್ತೀಯ?"

"ನೀವು ಹೇಳಿದ್ದಷ್ಟೇ ಹೇಳ್ತೀನಿ."

ಅವರು ಹೇಳಿದರು. ಅಣ್ಣ ಕೈ ತಿರುಚಿದನೆಂದು, ಇದು ಮೊದಲ ಸಲವಲ್ಲವೆಂದು, ಫೋನು ಅಣ್ಣನ ಜೇಬಿನಲ್ಲೇ ಇರುತ್ತದೆಂದು. ನಾನು ಒಂದೊಂದನ್ನೂ ಮಲಯಾಳಂನಲ್ಲಿ ಹೇಳಿದೆ. "ಅಣ್ಣ" ಎನ್ನಬೇಕಾದ ಕಡೆ ಅವರ ಗಂಡ ಎಂದೆ. ನರ್ಸ್ ಎಲ್ಲವನ್ನೂ ಬರೆದುಕೊಂಡರು.

"ಮನೆ ಬಿಟ್ರೆ ಮಗಳನ್ನೂ ಬಿಡಬೇಕಾ, ಕೇಳು" ಎಂದರು ಅತ್ತಿಗೆ.

ಬೇಡ, ಮಗಳ ಜೊತೆಗೇ ಇರಲು ಜಾಗ ಕೊಡುತ್ತಾರೆ ಎಂದರು ನರ್ಸ್. ಇಂಥದ್ದಕ್ಕೆಂದೇ ಜಿಲ್ಲೆಯಲ್ಲಿ ಸಂರಕ್ಷಣಾಧಿಕಾರಿ ಇದ್ದಾರೆ, ವಕೀಲರಿಗೆ ಹಣ ಕೊಡಬೇಕಿಲ್ಲ, ಕನ್ನಡ ಬಲ್ಲವರನ್ನೂ ಕರೆಸಬಹುದು. ಅತ್ತಿಗೆ ಒಪ್ಪಿದ ಮೇಲೇ ಅಧಿಕಾರಿಗೆ ತಿಳಿಸುತ್ತೇವೆ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು ಎಂದರು.

ಎರಡು ದಿನದ ನಂತರ ಹಿತ್ತಲಲ್ಲಿ ಅತ್ತಿಗೆ ನನ್ನ ಬಳಿ, "ಹೂಂ ಅಂತ ಹೇಳು ಅವರಿಗೆ" ಎಂದರು. ನಾನು ನರ್ಸ್‌ಗೆ ತಿಳಿಸಿದೆ. ಮುಂದಿನ ವಾರ ಪಟ್ಟಿ ಬದಲಾಯಿಸಲು ಅವರನ್ನು ನಾನೇ ಕರೆದುಕೊಂಡು ಹೋದೆ, ಮಗಳಿಗೆ ಕೆಮ್ಮು ಎಂಬ ನೆಪ ಹೇಳಿ ಅವಳನ್ನೂ. ಅಧಿಕಾರಿ ಒಳಗೆ ಕಾಯುತ್ತಿದ್ದರು. ಸಂಜೆ ನಾನೊಬ್ಬಳೇ ಮನೆಗೆ ಮರಳಿದೆ.

ನಾನು ಧೈರ್ಯ ಮಾಡಿದೆ ಎಂದು ಗೆಳತಿಯರು ಹೇಳುತ್ತಾರೆ. ನರ್ಸ್ ಕರೆಯದಿದ್ದರೆ ಬಾಯಿ ಬಿಡುತ್ತಿದ್ದೆನೇ? ಗೊತ್ತಿಲ್ಲ.

ಅತ್ತಿಗೆ ಈಗ ಮೀನಂಗಡಿ ಎಂಬ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದಾರೆ, ಟೈಲರಿಂಗ್ ಅಂಗಡಿಯೊಂದರಲ್ಲಿ ಹೊಲಿಯುತ್ತಾರೆ. ಅಣ್ಣ ಅಲ್ಲಿಗೆ ಹೋಗಬಾರದೆಂದು ಕೋರ್ಟಿನ ಆದೇಶವಿದೆ. ಮೊನ್ನೆ ಜೊತೆಯಲ್ಲಿ ಬಸ್ಸಿಳಿಯುವಾಗ, ಪೂರ್ತಿ ನಿಲ್ಲಿಸದ ಕಂಡಕ್ಟರನನ್ನು ಅವರು ಅರ್ಧ ಮಲಯಾಳಂ ಅರ್ಧ ಕನ್ನಡದಲ್ಲಿ ದಬಾಯಿಸಿದರು.

"ಅಮ್ಮಾ, ತಪ್ಪು ತಪ್ಪು ಹೇಳ್ತಿದ್ದೀಯ" ಎಂದಳು ಮಗಳು.

"ಅವನಿಗೆ ಅರ್ಥ ಆಯ್ತಲ್ಲ, ಬಿಡು!"

ಅಮ್ಮ ಕೆಲವು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ಆಡುತ್ತಾಳೆ, ಅತ್ತಿಗೆಗೆಂದು ಕರಿಮೆಣಸೂ ಕಟ್ಟಿಕೊಡುತ್ತಾಳೆ. ಅವಳೂ ಹೊಳೆಯಾಚೆಯಿಂದ ಬಂದವಳೇ. ಹೋದ ವಾರ ಅವಳು ಮೆಣಸು ಕೇರುತ್ತಿದ್ದಾಗ ನಾನು ಅವಳನ್ನೇ ಒಂದು ಮಾತು ಕೇಳಿದೆ. ಮೊರ ಒಂದು ಕ್ಷಣ ನಿಂತು ಮತ್ತೆ ಆಡಿತು.

"ಅಮ್ಮಾ, ನಾನು ಹುಟ್ಟೋ ಮುಂಚೆ ನೀನು ಆಸ್ಪತ್ರೆಗೆ ಹೋದಾಗ, ನಿನ್ನ ಮಾತನ್ನ ಯಾರು ಹೇಳ್ತಿದ್ರು?"