ಯಾರ ಮಗಳೋ ಗೊತ್ತಿಲ್ಲ ಎಂದೆ

ಸ್ನೇಹಿತರೇ, ಮನೆಗೆ ಬಂದ ಕೂಡಲೇ ಈ ಪೋಸ್ಟ್ ಬರೆಯುತ್ತಿದ್ದೇನೆ. ಇವತ್ತು ಹುಣಸೂರಿನಲ್ಲಿ ನಮ್ಮ ಬಿಳಿಕೆರೆ ಹುಡುಗಿಯರಿಗೂ ಕೆ.ಆರ್. ನಗರದವರಿಗೂ ಬ್ಯಾಸ್ಕೆಟ್‌ಬಾಲ್ ಫೈನಲ್. ನಮಗೆ ಭೂಮಿಕಾ ಒಬ್ಬಳೇ ಆಧಾರ. ಅವಳಿಗೆ ಆಗಲೇ ನಾಲ್ಕು ಫೌಲ್, ಇನ್ನೊಂದಾದರೆ ಆಟದಿಂದಲೇ ಹೊರಗೆ. ಪಿ.ಟಿ. ಮೇಷ್ಟ್ರು ಅವಳನ್ನು ಕೂರಿಸಿ, ಯಾವಾಗಲೂ ಬೆಂಚಿನಲ್ಲೇ ಇರುವ ನನ್ನ ಮಗಳು ಕಾವ್ಯಳನ್ನು ಇಳಿಸಿಬಿಟ್ಟರು.

"ಅವ್ರ ಕಡೆ ಆ ಉದ್ದನೆ ಹುಡ್ಗಿನ ಬುಡ್ಬೇಡ ಕಣವ್ವ. ಅವ್ಳು ಎಲ್ಲೋದ್ರೆ ನೀನೂ ಅಲ್ಲಿಗೋಗು" ಎಂದರು.

ನನ್ನ ಪಕ್ಕದಲ್ಲಿದ್ದ ಭೂಮಿಕಾಳ ಅಪ್ಪ ಸಿಡುಕಿದರು. "ಗೆಲ್ಲೋ ಆಟ ಕೆಟ್ಟೋಯ್ತಲ್ಲ! ಯಾರ್ ಮಗಳಕ್ಕ ಅದು?"

"ಗೊತ್ತಿಲ್ಲ ಕಣಣ್ಣ" ಎಂದುಬಿಟ್ಟೆ. ಇವಳಿಂದಲೇ ಸೋತರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂಬ ಭಯ.

ಕಾವ್ಯ ಆ ಉದ್ದನೆಯ ಹುಡುಗಿಗೆ ಅಂಟಿಕೊಂಡಳು. ಟೈಮ್‌ಔಟ್‌ನಲ್ಲಿ ಆ ಹುಡುಗಿ ನೀರು ಕುಡಿಯಲು ಹೋದರೆ ಅಲ್ಲಿಗೂ ಹೋಗಿ ನಿಂತಳು! ರೆಫರಿಯೇ ಬೈದು ವಾಪಸ್ ಕಳಿಸಿದರು. ಆದರೆ ಆ ಹುಡುಗಿಯ ಕೈಗೆ ಆಮೇಲೆ ಚೆಂಡೇ ಸಿಗಲಿಲ್ಲ. ಕೊನೆಗೆ ಭೂಮಿಕಾ ಮತ್ತೆ ಇಳಿದು ಬ್ಯಾಸ್ಕೆಟ್ ಹಾಕಿದಳು, ಗೆದ್ದೆವು. ಅಬ್ಬಾ!

"ಆ ಜಿಗಣೆ ಉಡ್ಗಿಯಿಂದ್ಲೇ ಕಣಕ್ಕ ಗೆದ್ದಿದ್ದು!" ಎಂದು ಭೂಮಿಕಾಳ ಅಪ್ಪ ಕುಣಿದರು.

"ನನ್ ಮಗಳು ಕಣಣ್ಣ" ಎಂದೆ.

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. "ಈಗ್ ಗೊತ್ತಾಯ್ತಾ?"

ಸದ್ಯ, ಕಾವ್ಯ ದೂರದಲ್ಲಿದ್ದಳು. ಅವಳಿಗೆ ಇನ್ನೂ ಮೊಬೈಲ್ ಕೊಡಿಸಿಲ್ಲ, ಅದೂ ಒಳ್ಳೆಯದೇ ಆಯಿತು. ನೀವ್ಯಾರೂ ಹೇಳಬೇಡಿ.